ಅಜ್ಜಿಯ ಹಾಡಿಗೆ ಒಂದು ಸಾಲಿನ ಕಮಾಂಡ್

‘ಸೇವ್ ಮಾಡಿದ್ನಲ್ಲಪ್ಪ, ಅದೆಲ್ಲೋದಾತು?’

ಗಾವಡಗೆರೆಯ ಚಿಕ್ಕವ್ವ ಫೋನು ಮುಂದೆ ಹಿಡಿದಳು. ನೋಡಿದೆ. ಅವಳು ಸೇವ್ ಮಾಡಿದ್ದು ವಿಡಿಯೊ ಅಲ್ಲ, ಅದರ ವಿಳಾಸ, ಅಂದರೆ ಲಿಂಕ್ ಮಾತ್ರ. (ನಮ್ಮ ತಾಲ್ಲೂಕಿನ ಅರ್ಧ ಜನ ಹೀಗೇ ಸೇವ್ ಮಾಡಿ ನೆಮ್ಮದಿಯಾಗಿದ್ದಾರೆ.)

ವಿಷಯ ಇಷ್ಟು. ತೀರಿಕೊಂಡ ನನ್ನ ಅಜ್ಜಿ, ಅಂದರೆ ಚಿಕ್ಕವ್ವನ ತಾಯಿ, ಹಿಂದೆ ಯಾರದೋ ಮದುವೆಯಲ್ಲಿ ಸೋಬಾನೆ ಹಾಡಿದ್ದಳು. ಸ್ಥಳೀಯರೊಬ್ಬರು ಅದನ್ನು ಇಂಟರ್ನೆಟ್ಟಿನ ತಮ್ಮ ವಿಡಿಯೊ ಚಾನೆಲ್‌ಗೆ ಹಾಕಿದ್ದರು. ಅಜ್ಜಿಯ ದನಿ ಉಳಿದಿರುವುದು ಅದೊಂದರಲ್ಲೇ. ಈಗ ಅವರು ಚಾನೆಲ್ ಮುಚ್ಚುತ್ತಿದ್ದಾರೆ. ಚಿಕ್ಕವ್ವನ ಮಗಳ ಮದುವೆಗೆ ಎರಡೇ ವಾರ. ಅರಿಶಿನ ಕುಟ್ಟುವಾಗ ಆ ಹಾಡು ಬೇಕೇ ಬೇಕು.

‘ನಿಂಗೇ ಬತ್ತದಲ್ಲ ಚಿಕ್ಕವ್ವ?’

‘ನಾನು ಹಿಂದೆ ಸೊಲ್ಲು ಹಿಡಿಯೋಳು ಕಣಪ್ಪ. ಎತ್ತಿ ಕೊಡೋಳು ಅವ್ವ. ಯಾವ ಸೊಲ್ಲಾದ್ಮೇಲೆ ಯಾವ್ದು ಅಂತ ನಂಗೇನ್ ಗೊತ್ತು?’

ಚಾನೆಲ್‌ನವರಿಗೆ ಫೋನ್ ಮಾಡಿದೆ. ‘ಒರಿಜಿನಲ್ ನನ್ತಾವೂ ಇಲ್ಲ ಸಾರ್. ಇಳಿಸ್ಕಳಂಗಿದ್ರೆ ಇವತ್ತೇ ಇಳಿಸ್ಕಳಿ.’

ಲ್ಯಾಪ್‌ಟಾಪ್ ಹಿಡಿದು ಹುಣಸೂರಿನಲ್ಲಿರುವ ಗೆಳೆಯ ಮಹದೇವನ ಫೋಟೊ ಸ್ಟುಡಿಯೊಗೆ ಹೋದೆ. ಅಲ್ಲಿ ನೆಟ್ ಚೆನ್ನಾಗಿದೆ. ಕಮಾಂಡ್ ಟೈಪ್ ಮಾಡುವ ಕಪ್ಪು ಪರದೆ ತೆರೆದೆ.

‘ಇದೇನ್ಲಾ ಕರಿ ಹಲಗೆ? ಯಾವ ಬ್ಯಾಂಕಿಗೆ ಕನ್ನ ಹಾಕ್ತಿದ್ದೀಯಾ?’

‘ಅಜ್ಜಿನ ಕರ್ಕೊಂಡು ಬತ್ತಿದ್ದೀನಿ, ಸುಮ್ನಿರು.’

‘ಆ್ಯಪಲ್ಲೇ ಡೌನ್‌ಲೋಡ್ ಬಟನ್ ಐತಲ್ಲೋ!’

ಇದೆ. ಆದರೆ ಅದು ಇಳಿಯುವುದು ಆ್ಯಪಿನ ಹೊಟ್ಟೆಯೊಳಗೆ. ಅತ್ತ ವಿಡಿಯೊ ತೆಗೆದುಹಾಕಿದರೆ ಇತ್ತ ಅದೂ ಮಾಯ. ಹಾಗಿದ್ದರೆ ಇಳಿಸಿಕೊಂಡು ಏನು ಬಂತು?

ನಾನು ಮಾಡಿದ್ದು ಒಂದೇ ಸಾಲಿನ ಕೆಲಸ. ವಿಡಿಯೊ ಇಳಿಸುವ ಪ್ರೋಗ್ರಾಮಿನ ಹೆಸರು, ಒಂದು ಸ್ಪೇಸ್, ವಿಡಿಯೊದ ವಿಳಾಸ, ಎಂಟರ್. ಶೇಕಡಾವಾರು ಏರಿತು, ನೂರು ಮುಟ್ಟಿತು. ಅದನ್ನು ಹಾಡಿಸಲು ಇನ್ನೊಂದು ಸಾಲು ಟೈಪ್ ಮಾಡಿದೆ. ಅಜ್ಜಿ ಹಾಡಿದಳು. ನಡುವೆ ಸಾಬೂನಿನ ಜಾಹೀರಾತಿಲ್ಲ, ‘ಮುಂದಿನ ವಿಡಿಯೊ’ ಎಂಬ ಒತ್ತಾಯವಿಲ್ಲ.

ಹೀಗೆ ಕಮಾಂಡ್ ಟೈಪ್ ಮಾಡುವುದು ಹಳೇ ಕಾಲದ ರೀತಿಯಂತೆ. ಇರಲಿ. ನಾನು ಯಾರ ಸಿನಿಮಾವನ್ನೂ ಕದಿಯಲಿಲ್ಲ. ಹಾಕಿದವರನ್ನೇ ಕೇಳಿ, ನಮ್ಮ ಮನೆಯ ದನಿಯನ್ನು ನಮ್ಮ ಮನೆಗೆ ತಂದೆ. ಅದಕ್ಕೆ ಯಾವುದೋ ದೇಶದ ಕಂಪನಿ ಯಾವ ಬಟನ್ ಕೊಡುತ್ತದೆಂದು ಕಾಯುತ್ತಾ ಕೂರಬೇಕೆ? ಕೂರುವುದಿಲ್ಲ.

ಮದುವೆಯ ಹೊತ್ತಿಗೆ ಚಾನೆಲ್ ಇರಲಿಲ್ಲ. ಅರಿಶಿನ ಕುಟ್ಟುವ ದಿನ ಚಿಕ್ಕವ್ವನ ಹಿತ್ತಿಲಲ್ಲಿ ನೆಟ್‌ವರ್ಕ್ ಕೂಡ ಇರಲಿಲ್ಲ. ಹೆಂಗಸರು ಒನಕೆ ಹಿಡಿದರು. ನಾನು ಫೋನಿಗೆ ಹಾಕಿಕೊಟ್ಟ ಹಾಡನ್ನು ಅಷ್ಟೂ ದಿನ ಕೇಳಿ ಕಲಿತಿದ್ದ ಚಿಕ್ಕವ್ವನೇ ಸೊಲ್ಲು ಎತ್ತಿದಳು. ಮೂರನೆಯದಕ್ಕೆ ತಡವರಿಸಿದಳು. ಒನಕೆ ನಿಂತವು. ನಾನು ಒರಳಿನ ಪಕ್ಕ ಇಟ್ಟಿದ್ದ ಫೋನ್ ಒತ್ತಿದೆ. ಅಜ್ಜಿ ಎತ್ತಿಕೊಟ್ಟಳು, ಅವಳ ಮಗಳು ಚಿಕ್ಕವ್ವ ಹಿಡಿದಳು. ಒನಕೆ ಮತ್ತೆ ಬಿದ್ದವು.

ನೀವು ಸೇವ್ ಮಾಡಿದ್ದು ಎಲ್ಲಿದೆ, ಒಮ್ಮೆಯಾದರೂ ನೋಡಿದ್ದೀರಾ?