ಆಪಾ ಹೌದೆಂದ ಒಂದೇ ಸಲ

ನಾನು ಒಳ್ಳೆಯವಳಲ್ಲ. ಇದನ್ನು ಮೊದಲೇ ಹೇಳಿಬಿಟ್ಟರೆ ಮುಂದಿನದನ್ನು ಬರೆಯುವುದು ಸಲೀಸು. ಹೋದ ವರ್ಷ ಗದ್ವಾಲಿನ ಒಂದು ಸಭೆಯಲ್ಲಿ ನನ್ನನ್ನು ವೇದಿಕೆಗೆ ಕರೆದು, ಎರಡು ಧರ್ಮಗಳನ್ನು ಅರೆದು ಕುಡಿದವಳು, ಮಾನವೀಯತೆಯ ಮೂರ್ತಿ ಎಂದೆಲ್ಲ ಹೊಗಳಿ ಶಾಲು ಹೊದಿಸಿದರು. ಶಾಲಿನ ಅಂಚು ಚೆನ್ನಾಗಿತ್ತು, ಬೀರುವಿನಲ್ಲಿ ಮಡಚಿ ಇಟ್ಟಿದ್ದೇನೆ. ಹೊಗಳಿದವರಿಗೆ ಗೊತ್ತಿರದ ಸಂಗತಿಯನ್ನು ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಮನೆ ಮಕ್ತಲ್‌ನಲ್ಲಿ. ನಾನು ನಾರಾಯಣಪೇಟೆಯ ಒಂದು ಶಾಲೆಯಲ್ಲಿ ಸಮಾಜ ಪಾಠ ಹೇಳುವ ಟೀಚರು. ದಿನಾ ಬೆಳಿಗ್ಗೆ ಉಟ್ಕೂರ್ ಮೇಲೆ ಹಾದು ಬಸ್ಸಿನಲ್ಲಿ ಹೋಗಿ ಸಂಜೆ ಬರುತ್ತೇನೆ. ಮದುವೆಯಾಗಲಿಲ್ಲ. ಆಗ ಮನೆಯಲ್ಲಿ ಅವ್ವ ಮತ್ತು ನಾನು ಇಬ್ಬರೇ ಇದ್ದೆವು. ನಾವು ಲಿಂಗವಂತರು, ಅಪ್ಪನ ಕಡೆಯವರು ರಾಯಚೂರು ಸೀಮೆಯಿಂದ ಬಂದು ಕಾಳುಕಡಿ ವ್ಯಾಪಾರ ಮಾಡಿದವರು. ಗೋಡೆಗೆ ಗೋಡೆ ಹತ್ತಿದ ಮನೆ ಆಪಾರದು. ಓಣಿಯ ಮುಸಲ್ಮಾನರ ಹೆಣ್ಣುಮಕ್ಕಳಿಗೆ ಖುರಾನು ಓದುವುದನ್ನು ಕಲಿಸುತ್ತಿದ್ದ ಅವರನ್ನು ಎಲ್ಲರೂ ಆಪಾ, ಅಂದರೆ ಅಕ್ಕ, ಎಂದೇ ಕರೆಯುತ್ತಿದ್ದರು. ಗಂಡ ತೀರಿಹೋಗಿದ್ದರು. ಮಗ ಗದ್ವಾಲಿನಲ್ಲಿ ಕೆಲಸಕ್ಕಿದ್ದ, ಸೊಸೆ ಅತ್ತೆಯ ಜೊತೆ ಇಲ್ಲಿದ್ದಳು.

ಇಪ್ಪತ್ತೆರಡು ವರ್ಷ ಆಪಾ ಮಧ್ಯಾಹ್ನದ ಊಟವನ್ನು ನಮ್ಮ ಅವ್ವನ ಜೊತೆ ಮಾಡಿದರು. ಅವ್ವ ಬಡಿದ ಬಿಸಿ ಜೋಳದ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಹಿಂಡಿ ಎಂದರೆ ಅವರಿಗೆ ಜೀವ. ಅವರಿಗೆಂದೇ ಒಂದು ಕಂಚಿನ ತಾಟು ಇತ್ತು. ರಂಜಾನಿನಲ್ಲಿ ಮಾಂಸ ಮುಟ್ಟದ ಬೇರೆ ಪಾತ್ರೆಯಲ್ಲಿ ಮಾಡಿದ ಸುರಕುಂಬ, ಅವರ ಶಾವಿಗೆ ಪಾಯಸ, ನಮ್ಮ ಮನೆಗೆ ಬರುತ್ತಿತ್ತು. ಅವರು ಏನು ನಂಬುತ್ತಾರೆಂದು ಅವ್ವ ಕೇಳಲಿಲ್ಲ, ಇವರು ಏನು ನಂಬುತ್ತಾರೆಂದು ಆಪಾ ಕೇಳಲಿಲ್ಲ. ಇಬ್ಬರೂ ಮಂಡಿನೋವಿನ ಬಗ್ಗೆ ಮಾತಾಡಿಕೊಂಡು ಉಂಡರು.

ಈ ಚೆಂದವನ್ನು ಕೆಡಿಸಿದ್ದು ನನ್ನ ಓದು. ನಲವತ್ತಾರನೆಯ ವಯಸ್ಸಿನಲ್ಲಿ ನನಗೆ ತತ್ವಶಾಸ್ತ್ರದಲ್ಲಿ ಎಂ.ಎ. ಮಾಡುವ ಹುಚ್ಚು ಹಿಡಿಯಿತು. ದೂರಶಿಕ್ಷಣ. ತಿಂಗಳಿಗೆ ಎರಡು ಭಾನುವಾರ ಜುರಾಲ ಡ್ಯಾಮು ದಾಟಿ ಗದ್ವಾಲಿಗೆ ಹೋಗಿ ತರಗತಿಯಲ್ಲಿ ಕೂರಬೇಕು. ಅದರಲ್ಲಿ ಒಂದು ವಿಷಯ ತೌಲನಿಕ ಧರ್ಮಶಾಸ್ತ್ರ. ಪಾಠ ಹೇಳುವ ಮೇಷ್ಟ್ರು ತೆಲುಗಿನಲ್ಲಿ ಒಂದು ನಿಯಮ ಹಾಕಿದರು: ನಿಮ್ಮದಲ್ಲದ ಒಂದು ಧರ್ಮವನ್ನು ಅದನ್ನು ಬಾಳುವವರಿಂದಲೇ ಕಲಿಯಿರಿ. ಕಲಿತದ್ದನ್ನು ಅವರ ಮುಂದೆ ಹೇಳಿ. ಅವರು ತಲೆಯಾಡಿಸಿ 'ಹೌದು, ಇದು ನಮ್ಮದೇ' ಎನ್ನಬೇಕು. ಅಲ್ಲಿಯವರೆಗೆ ನೀವು ಕಲಿತಿಲ್ಲ. ನಿಮ್ಮ ಧರ್ಮವನ್ನೂ ಅವರಿಗೆ ಅಷ್ಟೇ ಸ್ಪಷ್ಟವಾಗಿ ಹೇಳಬೇಕು.

ನಾನು ಗೋಡೆಯಾಚೆ ಹೋದೆ. ರಜೆಯ ದಿನಗಳಲ್ಲಿ ಎಂಟು ಹತ್ತು ವರ್ಷದ ಹುಡುಗಿಯರ ಸಾಲಿನಲ್ಲಿ ಕೂತೆ. ಆಪಾ ಊಟದ ತಾಟಿನ ಮುಂದೆ ಒಬ್ಬರು, ಪಾಠಕ್ಕೆ ಕೂತರೆ ಇನ್ನೊಬ್ಬರು. ಕೈಯಲ್ಲಿ ಬೀಸಣಿಕೆ. ತಪ್ಪಿದರೆ ಅದರ ಹಿಡಿಕೆಯಿಂದ ಬೆರಳ ಗೆಣ್ಣಿಗೆ ಒಂದು ಏಟು. ನನಗೂ ಬಿತ್ತು, ಹುಡುಗಿಯರು ಬಾಯಿ ಮುಚ್ಚಿಕೊಂಡು ನಕ್ಕರು.

ಹೆಚ್ಚು ಏಟು ಬಿದ್ದಿದ್ದು ಕಲ್ಮಾ ಕಲಿಯುವಾಗ. ಅದು ಅವರ ನಂಬಿಕೆಯ ಮೂಲವಾಕ್ಯ. ಅದರ ಮೊದಲ ಅರ್ಧದಲ್ಲಿ ದೇವರು ಎಂಬವನು ಯಾರೂ ಇಲ್ಲ ಎಂದು ಬರುತ್ತದೆ, ಎರಡನೆಯ ಅರ್ಧದಲ್ಲಿ ಆ ಒಬ್ಬನ ಹೊರತು ಎಂದು ಬರುತ್ತದೆ. ನಾನು ನಡುವೆ ಉಸಿರು ತೆಗೆದುಕೊಂಡೆ. ಬೀಸಣಿಕೆ ಬಿತ್ತು.

"ಅಲ್ಲಿ ನಿಂದ್ರಬ್ಯಾಡ ಬೇಟಾ! ಅರ್ಧಕ್ಕ ನಿಂತಿ ಅಂದ್ರ ದೇವ್ರಾ ಇಲ್ಲ ಅಂದಂಗಾತು. ಉಸುರು ಸಾಲಲಿಲ್ಲಂದ್ರ ಮೊದಲಿಂದ ಹೇಳು. ನಡುವ ಮಾತ್ರ ಬಿಡಬ್ಯಾಡ."

ಸಾಯುವವರ ಕಿವಿಯಲ್ಲಿ ಇದನ್ನೇ ಹೇಳಬೇಕು, ಅವರ ಕಡೆಯ ಮಾತು ಇದೇ ಆಗುವಂತೆ ಪಕ್ಕದಲ್ಲಿ ಕೂತವರು ನೆನಪು ಮಾಡಿಕೊಡಬೇಕು ಎಂದೂ ಹೇಳಿದರು. "ನಿಮ್ಮಾಗ ಏನ್ ಮಾಡ್ತೀರಿ?" ಎಂದು ಕೇಳಿದರು.

"ಹಣಿಗೆ ಇಬತ್ತಿ ಹಚ್ಚಿ, ಅಂಗೈಯಾಗ ಲಿಂಗ ಇಡ್ತೀವ್ರಿ ಆಪಾ. ಎಲ್ಲಾ ಒಂದಾ ಅಲ್ಲೇನ್ರಿ?"

ಮತ್ತೆ ಏಟು. "ಎಲ್ಲಾ ಒಂದಾ ಅನ್ನಬ್ಯಾಡ. ಎಲ್ಲಾ ಒಂದಾ ಅನ್ನಾವ್ರು ಯಾವುದೂ ಕಲ್ತಿರೂದಿಲ್ಲ."

ಆ ಮಾತು ನನಗೆ ಬಹಳ ಹಿಡಿಸಿತು. ಅದನ್ನು ಗದ್ವಾಲಿನ ತರಗತಿಯಲ್ಲಿ ನನ್ನದೇ ಮಾತು ಎಂಬಂತೆ ಹೇಳಿ ಮೇಷ್ಟ್ರಿಂದ ಶಹಬ್ಬಾಸ್ ಅನ್ನಿಸಿಕೊಂಡೆ. ಆದರೆ ಕಲಿತದ್ದನ್ನು ಆಪಾರ ಮುಂದೆ ಎಷ್ಟು ಸಲ ಒಪ್ಪಿಸಿದರೂ ಅವರು ತಲೆಯಾಡಿಸಲಿಲ್ಲ. "ಬಾಯಿಗೆ ಬಂದೈತಿ. ಇನ್ನಾ ಒಳಗ ಇಳಿದಿಲ್ಲ" ಎನ್ನುತ್ತಿದ್ದರು. ನನಗೆ ಒಳಗೊಳಗೇ ಉರಿಯುತ್ತಿತ್ತು.

ಇನ್ನು ನನ್ನ ಸರದಿ. ನಮ್ಮ ಧರ್ಮದ ಮೇಲೆ ಒಂದು ಅಧ್ಯಾಯ ಬರೆದೆ. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ನನಗೆ ಬಂದದ್ದು ಜ್ಞಾನ, ಹಿಡಿದದ್ದು ಮಧ್ಯಾಹ್ನದ ಊಟದ ಹೊತ್ತಿನಲ್ಲಿ. ಅವತ್ತು ನನಗೆ ರಜೆ. ಅವ್ವ ರೊಟ್ಟಿ ಬಡಿಯುತ್ತಿದ್ದಳು, ಆಪಾ ಉಣ್ಣುತ್ತಿದ್ದರು, ನಾನು ಓದುತ್ತಿದ್ದೆ. ಪ್ರಸಾದ ಎಂದರೇನು ಎಂಬ ಭಾಗ ಬಂತು. ಲಿಂಗಕ್ಕೆ ಅರ್ಪಿಸದೆ ಇರುವುದು ನಮಗೆ ಅನ್ನವೇ ಅಲ್ಲ. ಮೊದಲು ಅವನಿಗೆ, ಅವನು ಉಂಡು ಮಿಕ್ಕಿದ್ದು ನಮಗೆ. ಈ ಮನೆಯ ಒಲೆಯ ಮೇಲೆ ಆದ ಪ್ರತಿ ತುತ್ತೂ ಹಾಗೆಯೇ. ಇಷ್ಟಕ್ಕೆ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ಕಾಗದದಿಂದ ತಲೆಯೆತ್ತಿ, "ನೀವು ಇಷ್ಟು ವರ್ಷ ಉಂಡದ್ದೂ ಅದಾ ರೀ ಆಪಾ" ಎಂದೆ. ದೊಡ್ಡ ಉಡುಗೊರೆ ಕೊಟ್ಟವಳ ಹಾಗೆ ನಗುತ್ತಿದ್ದೆ.

ಆಪಾ ಕೈಯಲ್ಲಿದ್ದ ತುತ್ತನ್ನು ತಾಟಿನ ಅಂಚಿಗೆ ಇಟ್ಟರು. "ದಿನಾ?" ಎಂದು ಕೇಳಿದರು.

"ದಿನಾ."

ಎದ್ದು ಕೈ ತೊಳೆದುಕೊಂಡು ಹೋದರು. ಮರುದಿನ ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ. ಗೋಡೆಯ ಹತ್ತಿರ ನಿಂತು ನಾನು ಕೇಳಿದ್ದಕ್ಕೆ, "ಬ್ಯಾರೆ ದೇವ್ರಿಗೆ ಇಟ್ಟದ್ದನ್ನ ನಾವು ಉಣ್ಣೂ ಹಂಗಿಲ್ಲ ಬೇಟಾ. ಗೊತ್ತಿಲ್ಲದಾಗ ಉಂಡದ್ದು ಮಾಫ್. ಗೊತ್ತಾದ ಮ್ಯಾಲ ಉಂಡ್ರ ಜವಾಬು ಕೊಡಬೇಕಾಗತೈತಿ" ಎಂದರು. ಅವರ ಕಣ್ಣು ಕೆಂಪಾಗಿದ್ದವು. ಅವ್ವನಿಗೆ ಹೇಗೆ ಇಲ್ಲ ಎನ್ನಬೇಕೋ ಅವರಿಗೆ ತಿಳಿದಿರಲಿಲ್ಲ; ಯಾಕೆಂದು ತನಗೂ ಹೇಳದೆ ಎರಡು ದಿನ ಒಳಗೇ ಕೂತಿದ್ದರೆಂದು ಸೊಸೆ ಹೇಳಿದಳು.

ಅವ್ವನಿಗೆ ಇದನ್ನು ಹೇಳಿ ತಿಳಿಸಲು ಆಗಲಿಲ್ಲ. ತಾಟು ತೊಳೆದು ಇಟ್ಟು ಕಾಯುತ್ತಿದ್ದಳು. "ಏನಂದಿ ನೀ ಆಕಿಗೆ?" ಎಂದು ನನ್ನನ್ನು ಕೇಳುತ್ತಿದ್ದಳು. ನಾನು ಧರ್ಮಶಾಸ್ತ್ರ ಹೇಳಿದರೆ, "ಸುಡು ನಿನ್ನ ಓದ. ಹಸಿದಾಕಿ ಮುಂದಿನ ತಾಟು ಕಸಗೊಂಡಿ" ಎಂದು ಬೈದಳು. ನನ್ನ ಅಧ್ಯಾಯಕ್ಕೆ ಗದ್ವಾಲಿನಲ್ಲಿ ಎಲ್ಲರಿಗಿಂತ ಹೆಚ್ಚು ಅಂಕ ಬಂದವು.

ಆರು ತಿಂಗಳಿಗೆ ಅವ್ವ ಹಾಸಿಗೆ ಹಿಡಿದಳು. ಆಪಾ ದಿನಾ ಬಂದರು, ಕೂತರು, ಅದೇ ಬೀಸಣಿಕೆಯಿಂದ ಅವ್ವನಿಗೆ ಗಾಳಿ ಹಾಕಿದರು, ಹೇಸದೆ ಮೈ ಒರೆಸಿದರು. ಕಡೆಯ ದಿನ ಅವ್ವ ನನ್ನ ಕೈಲಿ ಕಂಚಿನ ತಾಟಿನಲ್ಲಿ ಅರ್ಧ ರೊಟ್ಟಿ ಹಾಕಿಸಿದಳು. "ನನ್ನ ಕಣ್ಣ ಮುಂದ ಒಂದ ತುತ್ತು ಉಣ್ಣವಾ. ನಾ ಹೊಂಟೀನಿ" ಎಂದಳು. ಆಪಾರ ಕಣ್ಣಿಂದ ನೀರು ಸುರಿಯಿತು. ತಾಟಿನ ಕಡೆ ನೋಡಿದರು, ನನ್ನ ಕಡೆ ನೋಡಿದರು, ತಲೆಯನ್ನು ಅಡ್ಡಡ್ಡ ಆಡಿಸಿದರು. ಅವ್ವ ಕಣ್ಣು ಮುಚ್ಚಿ ಗೋಡೆಯ ಕಡೆ ಹೊರಳಿದಳು. ಸಂಜೆಯೊಳಗೆ ಅವಳ ಅಂಗೈಯಲ್ಲಿ ಲಿಂಗ ಇಟ್ಟೆವು.

ಆಗಿನಿಂದ ನಾನು ಆಪಾರನ್ನು ದ್ವೇಷಿಸಿದೆ. ಒಂದು ತುತ್ತು. ಸಾಯುವವಳು ಕೇಳಿದ್ದು ಒಂದೇ ಒಂದು ತುತ್ತು. ಆ ತುತ್ತಿನ ನಡುವೆ ಮುಳ್ಳು ಇಟ್ಟವಳು ನಾನೇ ಎಂಬುದು ನನಗೆ ಗೊತ್ತಿತ್ತು. ಗೊತ್ತಿದ್ದರಿಂದಲೇ ದ್ವೇಷ ಇನ್ನೂ ಗಟ್ಟಿಯಾಯಿತು. ಪಾಠಕ್ಕೆ ಹೋಗುವುದನ್ನು ಬಿಟ್ಟೆ. ಪರೀಕ್ಷೆ ಪಾಸಾಗಿತ್ತು, ಇನ್ನೇನು ಬೇಕು.

ಮರುವರ್ಷ ಬೇಸಿಗೆ ರಜೆಯಲ್ಲಿ ಆಪಾರಿಗೆ ಲಕ್ವಾ ಹೊಡೆಯಿತು. ಎಂಟು ದಿನ ಆಸ್ಪತ್ರೆಯಲ್ಲಿಟ್ಟು ಮನೆಗೆ ಕಳಿಸಿದರು. ಒಂದು ಮಧ್ಯಾಹ್ನ ಸೊಸೆ ಗೋಡೆಯ ಮೇಲಿಂದ ಕೂಗಿದಳು. ಅತ್ತೆಯ ಉಸಿರು ಏಕೋ ಹೆಂಗೋ ಆಗಿದೆ, ಗಂಡ ಗದ್ವಾಲಿನಿಂದ ಹೊರಟಿದ್ದಾನೆ, ಡಾಕ್ಟರು ಫೋನು ಎತ್ತುತ್ತಿಲ್ಲ, ಓಡಿಹೋಗಿ ಕರೆತರುತ್ತೇನೆ ಎಂದಳು.

"ನೀವು ಸ್ವಲ್ಪ ಕೂತಿರ್ರಿ ಅಕ್ಕಾ. ನಾ ಬರೂದ್ರಾಗ ಏನರ ಆತಂದ್ರ, ಕಿವ್ಯಾಗ ಹೇಳ್ರಿ. ನಿಮಗ ಬರ್ತೈತಲ್ಲಾ."

ನನಗೆ ಬರುತ್ತಿತ್ತು.

ಆಪಾರ ಬಾಯಿ ಒಂದು ಕಡೆಗೆ ಎಳೆದಿತ್ತು. ನನ್ನನ್ನು ಕಂಡು ಕಣ್ಣು ಅರಳಿದವು. ತುಟಿ ಅಲ್ಲಾಡಿತು. ಮೊದಲ ಅರ್ಧ ಬಂತು, ತೊದಲಾದರೂ ಸ್ಪಷ್ಟವಾಗಿ ಬಂತು. ಅಲ್ಲಿಗೆ ನಿಂತಿತು. ಮುಂದಿನದು ಅವರಿಗೆ ಸಿಗಲಿಲ್ಲ. ಅವರೇ ಕಲಿಸಿದ ಹಾಗೆ ಮತ್ತೆ ಮೊದಲಿಂದ ಹಿಡಿದರು. ಮತ್ತೆ ಅದೇ ಅರ್ಧ. ದೇವರಿಲ್ಲ. ನಲವತ್ತು ವರ್ಷ ಓಣಿಯ ಹುಡುಗಿಯರಿಗೆ ನಡುವೆ ನಿಲ್ಲಬೇಡಿ ಎಂದು ಹೊಡೆದವರು ನಡುವೆಯೇ ನಿಂತಿದ್ದರು. ಚೆನ್ನಾಗಿದ್ದ ಕೈಯ ಬೆರಳು ಹಾಸಿಗೆಯ ಮೇಲೆ ಟಕ್ ಟಕ್ ಎಂದು ಬಡಿಯತೊಡಗಿತು. ಪಾಠದಲ್ಲಿ 'ಮುಂದ ಹೇಳು' ಎನ್ನಲು ಬೀಸಣಿಕೆಯಿಂದ ಹಾಗೆಯೇ ನೆಲ ಬಡಿಯುತ್ತಿದ್ದರು. ಕಣ್ಣು ನನ್ನ ಬಾಯಿಯ ಮೇಲಿತ್ತು. ಅವರಿಗೆ ಬೇಕಾಗಿದ್ದು ಎರಡು ಪದ.

ನಾನು ಬಗ್ಗಿ ಅವರ ಕಿವಿಯ ಹತ್ತಿರ ಬಾಯಿ ತಂದೆ. ಮೆಲ್ಲಗೆ, ಒಂದೊಂದೇ ಪದ ಬಿಡಿಸಿ ಹೇಳಿದೆ:

"ಗೊತ್ತಿಲ್ಲದಾಗ ಹೇಳಿದ್ದು ಮಾಫ್ ರೀ ಆಪಾ. ಈಗ ಅರ್ಥ ಗೊತ್ತೈತಿ, ನೀವಾ ಕಲಿಸೀರಿ. ಗೊತ್ತಾದ ಮ್ಯಾಲ ಹೇಳಿದ್ರ ನಾ ಜವಾಬು ಕೊಡಬೇಕಾಗತೈತಿ."

ಅವರು ನನ್ನನ್ನು ನೋಡಿದರು. ಸಿಟ್ಟು ಬರುತ್ತದೆ, ಅಳುತ್ತಾರೆ, ಬೇಡಿಕೊಳ್ಳುತ್ತಾರೆ ಎಂದು ಕಾದೆ. ಅದನ್ನು ನೋಡಲೆಂದೇ ಬಗ್ಗಿದ್ದೆ. ಅವರು ಹಾಗೇನೂ ಮಾಡಲಿಲ್ಲ. ಪಾಠ ಒಪ್ಪಿಸಿದ ಹುಡುಗಿಯನ್ನು ತೂಗಿ ನೋಡುವ ಹಾಗೆ ಸ್ವಲ್ಪ ಹೊತ್ತು ನೋಡಿ, ತಲೆಯಾಡಿಸಿದರು. ಹೌದು. ಮೇಲೆ ಕೆಳಗೆ, ಒಂದು ಸಲ, ಸ್ಪಷ್ಟವಾಗಿ. ಎರಡು ವರ್ಷ ಒಪ್ಪಿಸಿದರೂ ಸಿಗದ ಹೌದು ಆಗ ಸಿಕ್ಕಿತು. ಅವರ ನಂಬಿಕೆಯನ್ನು ಕೊನೆಗೂ ನಾನು ಅವರು ಒಪ್ಪುವ ಹಾಗೆ ಹೇಳಿದ್ದೆ.

ಬೆರಳು ಬಡಿಯುವುದು ನಿಂತಿತು. ಮತ್ತೊಮ್ಮೆ ತಾವಾಗಿಯೇ ಮೊದಲಿಂದ ಹಿಡಿದರು. ಅರ್ಧಕ್ಕೆ ಬಂದರು. ಉಸಿರು ಅಲ್ಲೇ ನಿಂತಿತು.

ಆಗ ನಾನು ಉಳಿದ ಅರ್ಧವನ್ನು ಹೇಳಿದೆ. ಗಟ್ಟಿಯಾಗಿ, ಎರಡು ಮೂರು ಸಲ ಹೇಳಿದೆ, ಭುಜ ಹಿಡಿದು ಅಲುಗಾಡಿಸಿ ಹೇಳಿದೆ. ನನಗೆ ಭಯವಾಗಿತ್ತು. ಅವರ ಕಿವಿ ಇನ್ನೂ ಬೆಚ್ಚಗಿತ್ತು, ಅಷ್ಟೆ.

ಆಮೇಲೆ ಪುಸ್ತಕಗಳನ್ನು ಹುಡುಕಿ ಓದಿದೆ. ನಾಲಿಗೆ ಬಾರದವರ ಮನಸ್ಸಿನಲ್ಲಿದ್ದುದು ಅವನಿಗೆ ಕೇಳಿಸುತ್ತದೆ, ಬಾಯಿ ಅರ್ಧಕ್ಕೆ ನಿಂತರೆ ದೋಷವಿಲ್ಲ ಎಂದು ಅಲ್ಲಿದೆ. ಆಪಾರಿಗೆ ಇದು ನನಗಿಂತ ಚೆನ್ನಾಗಿ ಗೊತ್ತಿದ್ದಿರಬೇಕು. ಪಕ್ಕದಲ್ಲಿ ಕೂತು ಗೊತ್ತಿದ್ದೂ ಹೇಳದವಳ ಬಗ್ಗೆ ಏನಿದೆ ಎಂದು ನಾನು ಹುಡುಕಲಿಲ್ಲ. ಜವಾಬು ಕೊಡಬೇಕಾಗುತ್ತದೆ ಎಂದು ನಾನೇ ಬಾಯಿಬಿಟ್ಟು ಹೇಳಿಯಾಗಿದೆ.

ಸೊಸೆ ಡಾಕ್ಟರೊಂದಿಗೆ ಓಡಿಬಂದಳು. ನೋಡಿದ ಕೂಡಲೇ ತಿಳಿಯಿತು. ಅಳುವ ಮೊದಲೇ ಕೇಳಿದಳು, "ಕಲ್ಮಾ ಪೂರ್ತಿ ಆತೇನ್ರಿ ಅಕ್ಕಾ?"

"ಆತು" ಎಂದೆ. ಸುಳ್ಳೆಂದು ಯಾರಾದರೂ ಹೇಳಲಿ ನೋಡೋಣ. ಅರ್ಧ ಅವರು ಹೇಳಿದ್ದರು, ಅರ್ಧ ನಾನು ಹೇಳಿದ್ದೆ. ಅವಳು ನನ್ನ ಎರಡೂ ಕೈಗಳನ್ನು ಹಿಡಿದು ಕಣ್ಣಿಗೆ ಒತ್ತಿಕೊಂಡಳು. ಸಂಜೆಯ ಹೊತ್ತಿಗೆ ಓಣಿಗೆಲ್ಲ ಗೊತ್ತಾಯಿತು, ವಾರದೊಳಗೆ ನಾರಾಯಣಪೇಟೆಯ ನನ್ನ ಶಾಲೆಗೂ ಮುಟ್ಟಿತು: ಲಿಂಗವಂತರ ಟೀಚರು ಮುಸಲ್ಮಾನರ ಮುದುಕಿಗೆ ಕಲ್ಮಾ ಕೊಟ್ಟು ಕಳಿಸಿದಳಂತೆ. ಗದ್ವಾಲಿನ ಶಾಲು ಬಂದದ್ದು ಅದಕ್ಕೇ.

ಈಗ ನನಗೆ ರಜೆ ಇದ್ದ ದಿನ ಸೊಸೆ ಮಧ್ಯಾಹ್ನದ ಹೊತ್ತು ಆಗಾಗ ನಮ್ಮ ಮನೆಗೆ ಬರುತ್ತಾಳೆ. ನಾನು ಅವ್ವನಷ್ಟು ತೆಳ್ಳಗೆ ಬಡಿಯಲಾರೆ, ಆದರೂ ರೊಟ್ಟಿ ಅವಳಿಗೆ ಸೇರುತ್ತದೆ. ಅತ್ತೆಯ ಕಂಚಿನ ತಾಟಿನಲ್ಲೇ ಉಣ್ಣುತ್ತಾಳೆ. ಅತ್ತೆ ಯಾಕೆ ಇಲ್ಲಿ ಊಟ ಬಿಟ್ಟರೆಂದು ಅವಳಿಗೆ ಯಾರೂ ಹೇಳಿಲ್ಲ. ಒಲೆಯ ಮುಂದೆ ನಾನು ಕೈಯಲ್ಲಿ ಲಿಂಗ ಹಿಡಿದು ಕಣ್ಣು ಮುಚ್ಚುವುದನ್ನು ಕಂಡು ಒಮ್ಮೆ, "ಅದೇನ್ ಮಾಡ್ತೀರಿ ಅಕ್ಕಾ, ಊಟಕ್ಕ ಮೊದಲು?" ಎಂದು ಕೇಳಿದಳು.

"ಏನಿಲ್ಲವಾ. ಬಿಸಿ ಆರ್ಲಿ ಅಂತ ಕುಂದ್ರತೀನಿ" ಎಂದೆ.

ಹೋದ ವಾರ ಊಟದ ನಡುವೆ ಅತ್ತೆಯ ಮಾತು ತೆಗೆದು, ಇಷ್ಟು ದಿನ ಕೇಳಲು ಧೈರ್ಯವಾಗಿರಲಿಲ್ಲ, ಕಡೆಯ ಗಳಿಗೆಯಲ್ಲಿ ಹೇಗಿದ್ದರು, ಸಂಕಟಪಟ್ಟರೇನು ಎಂದು ಕೇಳಿದಳು.

"ಇಲ್ಲವಾ. ನಾ ಕಿವ್ಯಾಗ ಹೇಳಿದೆ. ಕೇಳಿ ಹೌದು ಅಂತ ತಲಿ ಆಡಿಸಿದ್ರು."

ಅವಳ ಮುಖ ಅರಳಿತು. ಸೆರಗಿನಿಂದ ಕಣ್ಣು ಒರೆಸಿಕೊಂಡು ಇನ್ನೊಂದು ರೊಟ್ಟಿ ಕೇಳಿದಳು. ಹಾಕಿದೆ.