ಹರಿಣಾಕ್ಷಿಯವರು ಬಾಯಿಬಿಡದ ನಾಲ್ಕು ನಿಮಿಷ

ಪುಣೆಯಲ್ಲಿ ಹಿರಿಯರ ಮರೆವಿನೊಂದಿಗೆ ಏಗುವ ಕೆಲಸ ಮಾಡುವವರ ನಡುವೆ ಶ್ರೀಮತಿ ಹರಿಣಾಕ್ಷಿಯವರದು ಅತಿ ಕಡಿಮೆ ಭರವಸೆ ಕೊಟ್ಟು ಅತಿ ಹೆಚ್ಚು ನಂಬಿಕೆ ಗಳಿಸಿದ ಹೆಸರು. ಹಡಪಸರದ ಹಿರಿಯರ ಹಗಲು ಕೇಂದ್ರದಲ್ಲಿ ಇಪ್ಪತ್ತಾರು ವರ್ಷ ಮನಸ್ಸಿನ ವ್ಯಾಯಾಮದ ತರಗತಿ ನಡೆಸಿದ ಅವರು, ಇದರಿಂದ ಮರೆವು ನಿಲ್ಲುತ್ತದೆ ಎಂದು ಒಬ್ಬರಿಗೂ ಹೇಳಲಿಲ್ಲ. ಪದಬಂಧ ಬಿಡಿಸಿದರೆ ಪದಬಂಧ ಬಿಡಿಸುವುದು ಚೆನ್ನಾಗಿ ಬರುತ್ತದೆ, ಅಷ್ಟೇ ಎನ್ನುತ್ತಿದ್ದರು. ಹಾಗಾಗಿ ಅವರು ಕೊಟ್ಟ ಅಭ್ಯಾಸಗಳೆಲ್ಲ ದಿನನಿತ್ಯದವು: ಚೀಟಿಯಿಲ್ಲದೆ ತರಕಾರಿ ತರುವುದು, ನಿನ್ನೆಯ ಅಡುಗೆಯನ್ನು ಕ್ರಮವಾಗಿ ಹೇಳುವುದು. ಮನೆಯವರಿಗೆ ಮಾತ್ರ ಒಂದೇ ನಿಯಮ, ಹಿರಿಯರು ತಡವರಿಸುವಾಗ ಉತ್ತರ ಹೇಳಿಕೊಡಬಾರದು. ಎಲ್ಲರೂ ಪ್ರೀತಿಯಿಂದಲೇ ಮುರಿಯುತ್ತಿದ್ದ ಆ ನಿಯಮವನ್ನು ವಾರಕ್ಕೆ ಐದು ದಿನ ಹೇಳಿ ಹೇಳಿ ಅವರ ದನಿಯೇ ಸವೆದಿತ್ತು.

ಮೂರು ವರ್ಷಗಳ ಹಿಂದೆ, ಕರಾವಳಿಯಿಂದ ಬಂದು ನಲವತ್ತು ವರ್ಷ ಹೋಟೆಲು ನಡೆಸಿದ ಲೋಕನಾಥರು ಒಂದೇ ವಾರದಲ್ಲಿ ಎರಡು ಸಲ ಸಾಂಬಾರಿಗೆ ಉಪ್ಪು ಮರೆತರು. ಮಗ ಪ್ರಜ್ವಲ ಅವರನ್ನು ಅಡುಗೆಮನೆಗೆ ಬಿಡಲಿಲ್ಲ. ಒಂಬತ್ತು ದಿನ ಮಾತು ಬಿಟ್ಟು ಕುಳಿತಿದ್ದ ಲೋಕನಾಥರು ಹತ್ತನೆಯ ದಿನ ಕೇಂದ್ರಕ್ಕೆ ಬಂದರು. ಹೋಟೆಲಿನ ಅಡುಗೆಮನೆಯಲ್ಲೇ ಪರೀಕ್ಷೆಯಾಗಲಿ, ಹರಿಣಾಕ್ಷಿಯವರ ವರದಿಯಂತೆ ನಡೆಯೋಣ ಎಂದು ಮಗ ಒಪ್ಪಿದ.

ಕೊತ್ತಂಬರಿ, ಒಣಮೆಣಸು ಹುರಿದಾಯಿತು. ಹದಿನಾಲ್ಕು ಡಬ್ಬಿಗಳ ಮುಂದೆ ಲೋಕನಾಥರ ಕೈ ನಿಂತಿತು. ಒಂದು ನಿಮಿಷ ಕಳೆಯಿತು.

"ಅಪ್ಪ, ಮೆಂ..."

"ಪ್ರಜ್ವಲ, ಸುಮ್ಮನಿರಿ," ಎಂದರು ಹರಿಣಾಕ್ಷಿಯವರು.

ಲೋಕನಾಥರು ತಿರುಗದೆಯೇ ಹೇಳಿದರು: "ಇವನಿಗೆ ಸಾಂಬಾರು ಕಲಿಸಿದ್ದು ಯಾರಂತ ಕೇಳಿ, ಹರಿಣಾಕ್ಷಕ್ಕ. ನೀನು ಆಚೆ ಹೋಗಿ ಇಡ್ಲಿ ತಿನ್ನು ಮಾರಾಯ."

ಬೆಳಗಿನಿಂದ ಮೂವತ್ತೊಂದು ಮಂದಿಯನ್ನು ನೋಡಿ ಬಂದಿದ್ದ ಹರಿಣಾಕ್ಷಿಯವರಿಗೆ ಕಾಲು ಸೋಲುತ್ತಿತ್ತು. ಮೆಂತೆಯ ಡಬ್ಬಿ ಎಡದಿಂದ ಐದನೆಯದು. ಒಂದು ಮಾತು ಹೇಳಿದ್ದರೆ ಎಲ್ಲರೂ ಮನೆಗೆ ಹೋಗಬಹುದಿತ್ತು. ಅವರು ತುಟಿ ಕಚ್ಚಿಕೊಂಡು ನಿಂತರು. ನಾಲ್ಕನೆಯ ನಿಮಿಷಕ್ಕೆ ಲೋಕನಾಥರು ಒಂದೊಂದೇ ಡಬ್ಬಿ ಮೂಸುತ್ತ ಬಂದು ಐದನೆಯದರ ಮುಂದೆ ನಿಂತರು. "ಇಲ್ಲಿ ಉಂಟಲ್ಲ ಮೆಂತೆ! ಎಂತ ನೋಡ್ತೀರಿ?"

ಸಾಂಬಾರು ಕುದಿಯಿತು. ಹರಿಣಾಕ್ಷಿಯವರು ರುಚಿ ನೋಡಿದರು. "ಉಪ್ಪಿಲ್ಲ, ಲೋಕನಾಥಣ್ಣ."

"ಹಾಗಾದರೆ ಮುಗೀತು," ಎಂದು ಲೋಕನಾಥರು ಒಲೆ ಆರಿಸಿ ಸೌಟು ಇಟ್ಟರು.

ವರದಿ ನಾಲ್ಕು ಸಾಲಿನದು. ಉಪ್ಪು ಮರೆತರು. ಬೇಕಾದ ಡಬ್ಬಿಯನ್ನು ತಾವೇ ಹುಡುಕಿದರು. ಯಾರೂ ಹೇಳದೆ ಒಲೆ ಆರಿಸಿದರು. ಅಡುಗೆ ಮಾಡಲಿ, ರುಚಿ ನೋಡಲು ಒಬ್ಬರಿರಲಿ.

ಪ್ರಜ್ವಲ ಅದನ್ನು ಎರಡು ಸಲ ಓದಿದ. "ರುಚಿ ನಾನೇ ನೋಡ್ತೇನೆ ಅಪ್ಪ."

ಲೋಕನಾಥರು ಮತ್ತೆ ಹದಿನಾಲ್ಕು ತಿಂಗಳು ಒಲೆಯ ಮುಂದೆ ನಿಂತರು. ಕಡೆಗೊಂದು ಬೆಳಿಗ್ಗೆ, "ಸಾಕು ಮಾರಾಯ, ಸುಸ್ತಾಯ್ತು," ಎಂದು ತಾವಾಗಿಯೇ ಮಗನಿಗೆ ಜಾಗ ಬಿಟ್ಟುಕೊಟ್ಟರು. ಯಾರೂ ಅವರಿಂದ ಅದನ್ನು ಕಸಿಯಬೇಕಾಗಲಿಲ್ಲ.

ಈ ತಿಂಗಳು ನಿವೃತ್ತರಾಗುತ್ತಿರುವ ಹರಿಣಾಕ್ಷಿಯವರು ಪ್ರತಿ ಬುಧವಾರ ಲೋಕನಾಥರ ಮನೆಗೆ ಹೋಗುವುದನ್ನು ಮಾತ್ರ ಬಿಡುವುದಿಲ್ಲವಂತೆ. ಲೋಕನಾಥರಿಗೀಗ ಇವರ ಹೆಸರು ನೆನಪಿಗೆ ಬರುವುದಿಲ್ಲ. ಇವರು ಹೇಳಿಕೊಡುವುದೂ ಇಲ್ಲ, ಪಕ್ಕದಲ್ಲಿ ಕುಳಿತಿರುತ್ತಾರೆ. ಹರಿಣಾಕ್ಷಿಯವರ ಆಯುಸ್ಸು ದೀರ್ಘವಾಗಲಿ, ಬುಧವಾರದ ಈ ಕೆಲಸವೂ ನಡೆಯಲಿ. ಉಳಿದ ಆರು ದಿನ ಮಾತ್ರ ಅವರು ಚೆನ್ನಾಗಿ ದಣಿವಾರಿಸಿಕೊಳ್ಳಲಿ.