ಮುಂಗಡ ಕ್ಷಮೆಯ ಕರಾಟೆ ಮೇಷ್ಟ್ರು

ನರಸಿಂಹರಾಜಪುರದಲ್ಲಿ ಹಗಲೆಲ್ಲ ಪಂಪ್‌ಸೆಟ್ ರಿಪೇರಿ ಮಾಡಿ, ಸಂಜೆ ಸಮುದಾಯ ಭವನದಲ್ಲಿ ಕರಾಟೆ ಹೇಳಿಕೊಡುವ ಮರುಳಸಿದ್ದಪ್ಪನವರ ಶಿಷ್ಯರಷ್ಟು ವಿನಯವಂತರು ಇಡೀ ಜಿಲ್ಲೆಯಲ್ಲಿ ಇರಲಿಲ್ಲ. ಅವರ ಗುದ್ದು ಮೂಗಿನಿಂದ ಗೇಣು ದೂರದಲ್ಲೇ ನಿಲ್ಲುತ್ತಿತ್ತು. ಅಪ್ಪಿತಪ್ಪಿ ಕಾಲು ತಾಗಿತೋ, ಒದ್ದವರು ತಕ್ಷಣ ಬಗ್ಗಿ, ಒದೆ ತಿಂದವರನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದರು. ಅದು ಮನೆಯಲ್ಲಿ ಕಲಿತ ಸಂಸ್ಕಾರವೆಂದು ಮೇಷ್ಟ್ರಿಗೂ ಹೆಮ್ಮೆ. ವರ್ಷಕ್ಕೊಮ್ಮೆ ಬೆಲ್ಟಿನ ಬಣ್ಣ ಬದಲಾಗುತ್ತಿತ್ತು, ಫೋಟೊ ತೆಗೆಸುತ್ತಿದ್ದರು, ಎಲ್ಲರಿಗೂ ಖುಷಿ.

ಶಿವಮೊಗ್ಗದ ಪಂದ್ಯದಲ್ಲಿ ಬಣ್ಣ ಬಯಲಾಯಿತು. ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದ ಹತ್ತೊಂಬತ್ತರ ಶ್ವೇತ, ಮೇಷ್ಟ್ರ ಅಚ್ಚುಮೆಚ್ಚಿನ ಶಿಷ್ಯೆ, ಎದುರಾಳಿಯ ಹೊಟ್ಟೆಗೆ ಚಂದವಾಗಿ ಒದ್ದಳು. ಒದ್ದವಳೇ ಬಗ್ಗಿ ಅವಳನ್ನು ಮುಟ್ಟಲು ಹೋದಳು. ಎದುರಾಳಿಗೆ ಅಂಥ ಸಂಸ್ಕಾರವೇನೂ ಇರಲಿಲ್ಲ. ಶ್ವೇತಳ ಮೂಗಿನಿಂದ ರಕ್ತ ಸುರಿಯಿತು, ಜನ ಹೊಟ್ಟೆ ಹುಣ್ಣಾಗುವಂತೆ ನಕ್ಕರು.

ಮರುಳಸಿದ್ದಪ್ಪನವರಿಗೆ ನಗು ಬರಲಿಲ್ಲ. ಈ ಹುಡುಗಿ ದಿನಾ ಒಂದು ಕಿಲೋಮೀಟರು ಕಾಡುದಾರಿಯಲ್ಲಿ ಒಬ್ಬಳೇ ನಡೆದು ಬಸ್ಸು ಹಿಡಿಯುವವಳು. ಅಲ್ಲಿ ಯಾರಾದರೂ ಕೈ ಹಾಕಿದರೆ? ಹದಿನಾರು ವರ್ಷ ತಾನು ಕಲಿಸಿದ್ದು ಬರೀ ಕುಣಿತ ಎಂದು ಅವರಿಗೆ ಅರ್ಥವಾಯಿತು.

ಮರುದಿನವೇ ಹೊಸ ಕಟ್ಟಳೆ ಬಂತು. ಪಾಠಕ್ಕೆ ಮುಂಚೆ ಎಲ್ಲರೂ ಪರಸ್ಪರ ಮುಟ್ಟಿ ಒಂದೇ ಸಲ ಕಣ್ಣಿಗೊತ್ತಿಕೊಳ್ಳಬೇಕು. ಆಮೇಲೆ ಬೀಳುವ ಒದೆಗಳಿಗೆಲ್ಲ ಅದೇ ಮುಂಗಡ ಕ್ಷಮೆ. ಮೈಗೆ ಹಳೇ ಹಾಸಿಗೆ ಸುತ್ತಿಕೊಂಡ ಮೇಷ್ಟ್ರು ಹಿಂದಿನಿಂದ ಬಂದು ಕೈಯನ್ನೋ ಚೀಲವನ್ನೋ ಹಿಡಿದೆಳೆಯುತ್ತಿದ್ದರು. ನಿಜವಾಗಿ ಬಿಡಿಸಿಕೊಳ್ಳುವ ತನಕ ಬಿಡುತ್ತಿರಲಿಲ್ಲ. ಶ್ವೇತಳ ತಾಯಿ ವೀರಮ್ಮ ಮಗಳ ತೋಳಿನ ನೀಲಿ ಕಲೆ ನೋಡಿ, ಕಲಿಸುತ್ತೀರೋ ದನಕ್ಕೆ ಬಡಿದ ಹಾಗೆ ಬಡಿಯುತ್ತೀರೋ ಎಂದು ಜಗಳಕ್ಕೇ ಬಂದರು. ಮೂವತ್ತು ಶಿಷ್ಯರು ಹನ್ನೊಂದಾದರು. ಶ್ವೇತ ಮಾತ್ರ ಹಟ ಹಿಡಿದು ಬರುತ್ತಿದ್ದಳು.

ಎಂಟು ತಿಂಗಳ ಮೇಲೆ ಒಂದು ಬೆಳಗ್ಗೆ ವೀರಮ್ಮನ ಫೋನು. ಶ್ವೇತಳನ್ನು ದಾರಿಯಲ್ಲಿ ಯಾರೋ ಒಬ್ಬ ಹಿಡಿದೆಳೆದನಂತೆ, ಆಸ್ಪತ್ರೆಯಲ್ಲಿದ್ದಾಳೆ. ಮರುಳಸಿದ್ದಪ್ಪ ಬಿಚ್ಚಿದ ಮೋಟಾರನ್ನು ಹಾಗೇ ಬಿಟ್ಟು ಬೈಕು ಹತ್ತಿದರು. ದಾರಿಯುದ್ದಕ್ಕೂ ನೆನಪಾದ ದೇವರಿಗೆಲ್ಲ ಹರಕೆ ಹೊತ್ತರು.

ಶ್ವೇತ ಬೆಂಚಿನ ಮೇಲೆ ಕೂತು ಟೀ ಕುಡಿಯುತ್ತಿದ್ದಳು. ಮೊಣಕೈ ತರಚಿತ್ತು, ಅಷ್ಟೆ. ಹಿಡಿದವನ ಕಾಲು ತುಳಿದು, ಪಕ್ಕೆಗೆ ತಿವಿದು, ಹತ್ತಿರದ ಮನೆಯ ತನಕ ಕೂಗುತ್ತ ಓಡಿದ್ದಳು. ಆ ಮನೆಯವರು ಅವನನ್ನು ಅಟ್ಟಿಸಿಕೊಂಡು ಹೋಗಿ ಹಿಡಿದು ಪೊಲೀಸರಿಗೆ ಕೊಟ್ಟಿದ್ದರು. ಮೇಷ್ಟ್ರಿಗೆ ಹೋದ ಜೀವ ಬಂದಂತಾಯಿತು, ಅಲ್ಲೇ ನೆಲಕ್ಕೆ ಕುಕ್ಕರಿಸಿದರು. ವೀರಮ್ಮ ತಮ್ಮ ಟೀ ಲೋಟವನ್ನು ಅವರ ಕೈಗಿಟ್ಟರು.

“ಸರ್, ಒಂದು ಹೇಳ್ಬೇಕು,” ಎಂದಳು ಶ್ವೇತ, ಸಂಕೋಚದಿಂದ. “ಮಣಿಕಟ್ಟು ತಿರುಗಿಸಿ ಬಿಡಿಸ್ಕಳದು ಹೇಳಿಕೊಟ್ಟಿದ್ರಲ್ಲ, ಅದು ಎಂತಕ್ಕೂ ಬರ್ಲಿಲ್ಲ. ಎರಡು ಸಲ ಮಾಡ್ದೆ. ಅವನು ಬಿಡ್ಲೇ ಇಲ್ಲ.”

ಅದು ಮೇಷ್ಟ್ರ ಹೆಮ್ಮೆಯ ಪಟ್ಟು. ಬೇರೆ ದಿನವಾಗಿದ್ದರೆ ವಾದಕ್ಕೆ ನಿಲ್ಲುತ್ತಿದ್ದರು. ಈಗ ಕಣ್ಣು ಒರೆಸಿಕೊಳ್ಳುತ್ತ ನಕ್ಕರು.

“ಹಾಗಾದ್ರೆ ಅದು ಬ್ಯಾಡ ಮಾರಾಯ್ತಿ,” ಎಂದರು. “ಅವನು ಹೆಂಗೆ ಹಿಡ್ದಿದ್ದ, ನನ್ನ ಕೈ ಹಿಡಿದು ತೋರ್ಸು. ಸಂಜೆ ನೀನೇ ಎಲ್ಲರಿಗೂ ಹೇಳಿಕೊಡುವಂತೆ.”

ಶ್ವೇತ ಲೋಟ ಕೆಳಗಿಟ್ಟು ಅವರ ಕೈ ಹಿಡಿದಳು, ನೋಯುವಷ್ಟು ಬಿಗಿಯಾಗಿ.